ಅಮ್ಮನ ಎತ್ತರ

"ಅಪ್ಪಾ, ಸ್ಟ್ಯಾಂಡ್ ಯಾರು ಮುಟ್ಟಿದ್ದು?"

ಸ್ಟುಡಿಯೋದ ಒಳಕೋಣೆಯಿಂದ ಮಗಳ ದನಿ ಬಂದ ರೀತಿಗೇ ಅಪ್ಪ ಒರೆಸುತ್ತಿದ್ದ ಫ್ರೇಮನ್ನು ಕೆಳಗಿಟ್ಟ.

"ನಾನೇ ಕಣಮ್ಮ. ಒಂದು ಗೇಣು ಏರಿಸ್ದೆ. ದಿನಾ ಬಗ್ಗಿ ಬಗ್ಗಿ ನಿನ್ನ ಸೊಂಟ ಬಿದ್ದುಹೋಗ್ತಿದೆ. ನರಳೋದು ನನಗೆ ಕೇಳ್ಸಲ್ವಾ?"

ಹೇಳಿದ್ದು ಸುಳ್ಳಲ್ಲ. ಅಮ್ಮ ಕುಳ್ಳಿ, ಮಗಳು ಅಪ್ಪನ ಹಾಗೆ ಉದ್ದ. ಅಮ್ಮ ತೀರಿಕೊಂಡು ಸ್ಟುಡಿಯೋ ಮಗಳ ಕೈಗೆ ಬಂದಮೇಲೆ ಲೈಟು, ಲೆನ್ಸು ಎಲ್ಲ ಬದಲಾದರೂ ಕ್ಯಾಮರಾ ಸ್ಟ್ಯಾಂಡಿನ ತಿರುಪು ಅಮ್ಮ ಬಿಗಿದಲ್ಲೇ ಇತ್ತು. ಆ ಎತ್ತರದಿಂದ ತೆಗೆದರೆ ಗಿರಾಕಿಗಳು ಎದುರಿಗೆ ಕೂತು ಹರಟುವವರ ಹಾಗೆ ಕಾಣುತ್ತಿದ್ದರು. ಇನ್ನೂ ಮೇಲಿನಿಂದ ತೆಗೆದರೆ ಅದೇ ಜನ ಬೈಸಿಕೊಳ್ಳಲು ಬಂದವರ ಹಾಗೆ. ಊರವರ ಫೋಟೊ ಎಲ್ಲ ತೆಗೆದ ಅಮ್ಮ ತನ್ನದೊಂದನ್ನು ನೆಟ್ಟಗೆ ತೆಗೆಸಿಕೊಳ್ಳಲಿಲ್ಲ. ಮಗಳಿಗೆ ಉಳಿದದ್ದು ಅಮ್ಮ ಜನರನ್ನು ನೋಡಿದ ಆ ಎತ್ತರವೊಂದೇ.

"ಮೊದಲು ಎಷ್ಟಿತ್ತೋ ಅಷ್ಟಕ್ಕೇ ಇಳಿಸು."

"ಗುರುತು ಹಾಕ್ಕೊಳ್ಲಿಲ್ವಲ್ಲಮ್ಮ..." ಅಪ್ಪನ ಮುಖ ಸಪ್ಪಗಾಯಿತು.

ಬೈಯಬೇಕೆಂದು ಬಾಯಿ ತೆರೆದವಳಿಗೆ ಅಳು ಉಕ್ಕಿ ಬಂತು. ಮುಖ ತಿರುಗಿಸಿದಳು. ಗೋಡೆಯ ಮೇಲೆ ಅಪ್ಪನ ಫೋಟೊ ಇತ್ತು, ಅಮ್ಮ ಅದೇ ಎತ್ತರದಿಂದ ತೆಗೆದದ್ದು. ಅಪ್ಪ ಪ್ರತಿ ಸಲ ಕಣ್ಣು ಮುಚ್ಚುತ್ತಾನೆಂದು ಅಮ್ಮನಿಗೆ ರೇಗಿಹೋಗಿ, "ಇರಲಿ, ಬಂದವರೆಲ್ಲ ನೋಡ್ಲಿ ನಿಮ್ಮ ನಿದ್ದೇನ" ಎಂದು ಕಣ್ಣು ಮುಚ್ಚಿದ ಫೋಟೊವನ್ನೇ ಬೇಕೆಂದು ತೂಗುಹಾಕಿದ್ದಳು. ಈಗಲೂ ಇರುವ ಅದೇ ಕುರ್ಚಿ, ಹಿಂದೆ ಅದೇ ಪರದೆ. ಪರದೆಯಲ್ಲಿ ಬರೆದ ಕೆರೆಯ ದಡ ಅಪ್ಪನ ಕಿವಿಯ ತುದಿಗೆ ಸರಿಯಾಗಿ ತಾಗಿತ್ತು.

"ಬಾ ಅಪ್ಪ, ಕೂತ್ಕೋ. ಬೆನ್ನು ಒರಗಿಸು, ಆ ಫೋಟೊದಲ್ಲಿ ಇರೋ ಹಾಗೆ."

ಕುರ್ಚಿಗೂ ಸ್ಟ್ಯಾಂಡಿಗೂ ಅಮ್ಮ ನೆಲದಲ್ಲಿ ಬಳಿದಿದ್ದ ಬಣ್ಣದ ಗುರುತುಗಳಿದ್ದವು. ಎರಡನ್ನೂ ಅಲ್ಲೇ ಕೂರಿಸಿ ಕ್ಯಾಮರಾದಲ್ಲಿ ನೋಡಿದಳು. ದಡ ಅಪ್ಪನ ಹಣೆಯ ಮಟ್ಟಕ್ಕಿತ್ತು. ತಿರುಪು ಸಡಿಲಿಸಿ ಕ್ಯಾಮರಾ ಇಳಿಸಿದಳು. ದಡ ಹುಬ್ಬಿಗೆ ಬಂತು. ಇನ್ನೊಂದಿಷ್ಟು ಇಳಿಸಿದಳು. ಅತಿಯಾಯಿತು, ಒಂದು ಕೂದಲೆಳೆಯಷ್ಟು ಮೇಲೆತ್ತಿದಳು. ಕಿವಿಯ ತುದಿ, ಫೋಟೊದಲ್ಲಿದ್ದ ಹಾಗೇ. ಉಸಿರು ಬಿಗಿಹಿಡಿದು ತಿರುಪು ಬಿಗಿದಳು.

ಅಪ್ಪ ಯಾರೂ ಹೇಳದೆಯೇ ಕಾಲರ್ ಸರಿಮಾಡಿಕೊಂಡ. ಮಗಳು ಕ್ಯಾಮರಾದ ಹಿಂದೆ ಬಗ್ಗಿ ಮರೆಯಾಗಿದ್ದಳು. ಅವನೆದುರು ಇದ್ದದ್ದು ಆ ಎತ್ತರದಲ್ಲಿ ನಿಂತ ಲೆನ್ಸು ಮಾತ್ರ. ಅದನ್ನೇ ನೋಡುತ್ತ ನೋಡುತ್ತ ಅವನ ಮುಖ ಸಡಿಲವಾಯಿತು.

"ಈ ಸಲ ಮುಚ್ಚಲ್ಲ ಕಣೇ" ಅಂದ, ಮೆಲ್ಲಗೆ.

ಕಣ್ಣು ತುಂಬಿ ಬಂದರೂ ಅಪ್ಪ ರೆಪ್ಪೆ ಬಡಿಯಲಿಲ್ಲ. ಮಗಳ ಸೊಂಟ ಸಿಡಿಯುತ್ತಿತ್ತು. ಗುಂಡಿಯ ಮೇಲೆ ಬೆರಳಿಟ್ಟುಕೊಂಡು, ಒತ್ತದೆ, ಅವಳು ಬಗ್ಗಿಕೊಂಡೇ ಇದ್ದಳು.