ಎಂಪಿಗೆ ಹೊದಿಸುವ ಶಾಲು

"ಹಿಂದೆ ಹೋಗಿ ಸಾಯೋ ಬೇವರ್ಸಿ! ಮುಂದಿನ ಸಾಲು ಫ್ಯಾಮಿಲಿಯವರಿಗೆ. ಮೈಯೆಲ್ಲ ಗ್ರೀಸ್ ವಾಸನೆ!" ಊರವರ ಸಂಘದ ಕಾರ್ಯದರ್ಶಿ ನೆಲ್ಸನ್ ಕ್ಯಾಂಪಿನ ಹುಡುಗ ಅನ್ಸಾರನ ಹೆಗಲು ದಬ್ಬಿದ. ಜೊತೆಗಿದ್ದ ಹಿರಿಯ ಅಬೂಬಕ್ಕರನತ್ತ ತಿರುಗುವಾಗ ಮಾತ್ರ ದನಿ ಬೆಣ್ಣೆಯಾಯಿತು. "ಕಾಕಾ, ನೀವು ಸ್ಟೇಜಿನ ಹತ್ರ ಬನ್ನಿ. ಶಾಲು ನೀವೇ ಹಾಕ್ಬೇಕು."

ಊರಿನ ದೊಡ್ಡವರು ಬಂದರೆ ಕೊಲ್ಲಿ ನಾಡಿನ ಈ ಮುಸಫ್ಫಾ ಕಾರ್ಮಿಕರ ಕ್ಯಾಂಪಿನ ಹಿರಿಯ ಕೂಲಿಯಿಂದ ಶಾಲು ಹೊದಿಸುವುದು ಸಂಘದ ರೂಢಿ. ಫೋಟೋ ಚೆನ್ನಾಗಿ ಬರುತ್ತದೆ. ಹೋದ ವರ್ಷವೂ ಇದೇ ಎಂಪಿಗೆ ಅಬೂಬಕ್ಕರನೇ ಹೊದಿಸಿದ್ದ.

ಈ ಸಲ ಅವನು ಬಂದದ್ದು ಯುಜಿನ್‌ಗಾಗಿ. ಅವನ ಕೋಣೆಯಲ್ಲೇ ಮೇಲಿನ ಮಂಚದಲ್ಲಿ ಮಲಗುತ್ತಿದ್ದ ಹುಡುಗ ಕೆಲಸದ ಕಟ್ಟಡದ ಅಟ್ಟಣಿಗೆಯಿಂದ ಬಿದ್ದು ಸತ್ತು ಶವಾಗಾರದಲ್ಲಿದ್ದ. ಕಂಪನಿ "ಇವ ನಮ್ಮವನಲ್ಲ" ಎಂದು ಕೈ ತೊಳೆದುಕೊಂಡಿತ್ತು. ಎಂಪಿಯ ಒಂದು ಮಾತು ಬಿದ್ದರೆ ಹೆಣ ಊರು ಸೇರೀತು.

ಎಂಪಿ ಬಂದೊಡನೆ ಅಬೂಬಕ್ಕರ್ ಕೈಮುಗಿದು ಯುಜಿನ್‌ನ ವಿಷಯ ಹೇಳಿದ. ಎಂಪಿ ಬೆನ್ನು ತಟ್ಟಿದರು. "ಪಿಎಗೆ ಇಮೇಲ್ ಮಾಡಿ, ಆಯ್ತಾ?"

ಅನ್ಸಾರ್ ಮೊಬೈಲ್ ಹಿಡಿದು ಅಬೂಬಕ್ಕರನ ಪಕ್ಕಕ್ಕೆ ಬಂದ. "ಕಾಕಾ, ಇಲ್ಲಿ ಸತ್ತವರ ಹೆಣ ಸರ್ಕಾರವೇ ಊರಿಗೆ ಮುಟ್ಟಿಸ್ಬೇಕು ಅಂತ ಹೋದ ವರ್ಷ ಪಾರ್ಲಿಮೆಂಟಲ್ಲಿ ಮಸೂದೆ ಬಂದಿತ್ತಂತೆ. ವೋಟು ಸಾಕಾಗದೆ ಬಿದ್ದೋಯ್ತು. ನಮ್ಮ ಎಂಪಿ ಗೈರು."

"ಎಲ್ಲಿದ್ರಂತೆ ಮಾರಾಯ?"

"ಇಲ್ಲೇ. ನೀವು ಶಾಲು ಹಾಕಿದ ದಿವ್ಸವೇ."

ಅಬೂಬಕ್ಕರ್ ತನ್ನ ಎರಡೂ ಕೈ ನೋಡಿಕೊಂಡ.

ವೇದಿಕೆಯಲ್ಲಿ ಎಂಪಿ ತಾವು ಊರಿಗೆ ತಂದ ಸೇತುವೆಯ ಕಥೆ ಹೇಳುತ್ತಿದ್ದರು. ಆ ಸೇತುವೆ ಅಬೂಬಕ್ಕರನಿಗೆ ಗೊತ್ತು. ಹೊಳೆಯ ನಡುವೆ ಬರೀ ಕಂಬಗಳು, ಮೇಲೆ ನೀರುಕಾಗೆ. ಯುಜಿನ್‌ನ ತಾಯಿ ಗರ್ಟ್ರೂಡ್ ಬಾಯಿ ಇವತ್ತಿಗೂ ಇಗರ್ಜಿಗೆ ದೋಣಿಯಲ್ಲೇ ಹೋಗಬೇಕು. ಮಗ ಬಂದರೂ ದೋಣಿಯಲ್ಲೇ ಬರಬೇಕು.

ಚಪ್ಪಾಳೆಯಾಯಿತು. ನೆಲ್ಸನ್ ಶಾಲು ಕೊಟ್ಟ. ಅಬೂಬಕ್ಕರ್ ಬಿಡಿಸಿ ಹಿಡಿದ. ಎಂಪಿ ಕ್ಯಾಮೆರಾದತ್ತ ನಗುತ್ತ ಕೊರಳು ಬಗ್ಗಿಸಿದರು. ಅವನು ಶಾಲನ್ನು ಮೆಲ್ಲಗೆ ಮಡಚಿ ಕಂಕುಳಲ್ಲಿ ಇಟ್ಟುಕೊಂಡ.

"ಹೋದ ವರ್ಷ ಹಾಕಿದ್ದೇ ಸಾಕು ಸಾರ್."

"ಏ ಹಲ್ಕಾ! ಎಲ್ಲಿಗೆ ತಕೊಂಡು ಹೋಗ್ತಿ?" ನೆಲ್ಸನ್ ಕಿರುಚಿದ.

"ಯುಜಿನ್‌ಗೆ. ಅಲ್ಲಿ ಚಳಿ ಉಂಟು."

ಕೊರಳು ಬಗ್ಗಿಸಿದ ಎಂಪಿಯ ಮೇಲೆ ಫ್ಲಾಶ್ ಮಿಂಚುತ್ತಲೇ ಇತ್ತು. ಹಿಂದಿನ ಸಾಲಿಗೆ ಮರಳಿ ಕೂತಿದ್ದ ಅನ್ಸಾರ್ ಎದ್ದ. ಅವನ ಹಿಂದೆ ಕ್ಯಾಂಪಿನವರು ಒಬ್ಬೊಬ್ಬರೇ ಎದ್ದರು.

ಶವಾಗಾರದ ಕಾವಲುಗಾರ ಗೇಟು ತೆರೆಯಲಿಲ್ಲ. "ಪೇಪರ್ ಮಾಫಿ, ಪೇಪರ್ ಇಲ್ಲ. ಯಲ್ಲಾ, ಹೋಗು." ಅಬೂಬಕ್ಕರ್ ಹೋಗಲಿಲ್ಲ. ಬಿಸಿ ಆರದ ಗೋಡೆಗೆ ಒರಗಿ, ಜರಿಯಂಚಿನ ಶಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂತ.