ಭುಜದ ಕೂಲಿ

ಗದ್ದೆಗಳ ಕೊಯ್ಲು ಮುಗಿದಿತ್ತು. ಗಳದ ಮೇಲೆ ತೂಗುಹಾಕಿದ್ದ ಭತ್ತದ ಕಟ್ಟುಗಳು ಒಣಗಿ, ಬಡಿದು, ಕುಟ್ಟಿ, ಹುಲ್ಲಿನ ಮೂಟೆಗಳಲ್ಲಿ ಅಕ್ಕಿಯಾಗಿ ಕೂತಿದ್ದವು. ಮನೆಮನೆಯ ಸೂರಿನಡಿ ಮೂಲಂಗಿ ನೇತಾಡುತ್ತಿತ್ತು. ಮೊದಲ ಹಿಮ ಬೀಳಲು ಇನ್ನು ಹತ್ತು ಹನ್ನೆರಡು ದಿನ ಇದ್ದೀತು. ವರ್ಷವೆಲ್ಲ ಬಗ್ಗಿದ ಸೊಂಟವನ್ನು ಬಿಸಿನೀರಿನ ಬುಗ್ಗೆಯಲ್ಲಿ ನೆನೆಹಾಕಲು ರೈತರು ಅಕ್ಕಿ, ಉಪ್ಪಿನಕಾಯಿ ಗಂಟುಕಟ್ಟಿಕೊಂಡು ಕಣಿವೆಗೆ ಬರುವ ದಿನಗಳು ಅವು. ಮೈ ಒತ್ತಿ ಬದುಕುವ ಕುರುಡರಿಗೂ ಅದೇ ಸುಗ್ಗಿ.

"ಬಲ ಹಾಕಿ ಒತ್ತೇ, ಕುರುಡಿ. ಇರುವೆ ಹರಿದಂಗೆ ಹರೀತದೆ ನಿನ್ನ ಕೈ. ಅನ್ನ ತಿಂತೀಯೋ, ಹೊಟ್ಟು ತಿಂತೀಯೋ?"

"ಒತ್ತುತೀನಿ ಸ್ವಾಮಿ."

ಮೇಲಿನ ವಸತಿಗೃಹದ ಮಹಡಿಯ ಕೋಣೆ. ಮಧ್ಯಾಹ್ನದ ಬಿಸಿಲು ಕಾಗದದ ಬಾಗಿಲು ದಾಟಿ ನುಯಿಯ ಬೆನ್ನಿಗೆ ಬೀಳುತ್ತಿತ್ತು. ಅವಳು ಗಿರಾಕಿಯ ಹಿಂದೆ ಮಂಡಿಯೂರಿ, ಅವನ ಭುಜದ ಮೇಲೆ ಬಟ್ಟೆ ಹರವಿ, ಹೆಬ್ಬೆರಳನ್ನು ಕತ್ತಿನ ಬುಡಕ್ಕೆ ಊರಿ ಮೈಭಾರವನ್ನೆಲ್ಲ ಬಿಟ್ಟಳು. ನಲವತ್ತಾರು ವರ್ಷದ ಮೈ, ಭಾರವೇನೂ ಹೆಚ್ಚಿರಲಿಲ್ಲ.

ಆತ ಅಕ್ಕಿಯ ದರ್ಜೆ ಕಟ್ಟುವ ಇನ್ಸ್‌ಪೆಕ್ಟರ್, ಕುರೊಸೆ. ಹೆಸರು ಯಾರೂ ಹೇಳದಿದ್ದರೂ ಕೆಲಸ ಏನೆಂದು ಅವಳ ಬೆರಳಿಗೆ ತಿಳಿಯುತ್ತಿತ್ತು. ರೈತರ ಭುಜ ಎರಡೂ ಕಡೆ ಸಮನಾಗಿ ದಡ್ಡುಗಟ್ಟಿರುತ್ತದೆ, ಅಡ್ಡೆ ಹೊತ್ತ ಕಡೆ ಕುಳಿ ಬಿದ್ದಿರುತ್ತದೆ. ಈತನದು ಎಡಭುಜ ಬೆಣ್ಣೆ. ಬಲಭುಜದಲ್ಲಿ ಮಾತ್ರ ನೆಲ್ಲಿಕಾಯಿಯಷ್ಟು ಗಂಟು. ಇಪ್ಪತ್ತು ವರ್ಷ ಕಬ್ಬಿಣದ ಕೊಳವೆಯನ್ನು ಮೂಟೆಗಳಿಗೆ ಚುಚ್ಚಿ ಚುಚ್ಚಿ ಅಕ್ಕಿ ಹೊರಗೆಳೆದ ಗಂಟು ಅದು.

"ಈ ಊರಿನ ಬೋಳೀಮಕ್ಳು ಮೂಟೆ ಬಾಯಿಗೆ ಒಳ್ಳೇದು ತುಂಬಿ ತಳಕ್ಕೆ ನುಚ್ಚು ಸುರೀತಾರೆ. ನಾಳೆ ತಳಕ್ಕೇ ಚುಚ್ತೀನಿ. ಅಂಗಳದಲ್ಲಿ ಎಷ್ಟು ಜನ ಬೋರಲು ಬೀಳ್ತಾರೆ ನೋಡ್ತಿರು. ಅಯ್ಯೋ, ನೀ ಹೆಂಗೆ ನೋಡ್ತೀಯ!"

ತನ್ನ ಮಾತಿಗೆ ತಾನೇ ನಕ್ಕು, ಕೈಗಡಿಯಾರ ಬಿಚ್ಚಿ ಚಾಪೆಯ ಮೇಲೆ ಹಾಕಿ, ತಲೆ ಬಗ್ಗಿಸಿಕೊಟ್ಟ.

ನುಯಿ ತಲೆಯ ಕಡೆಗೆ ಸರಿಯುವಾಗ ಮೊಣಕಾಲಿಗೆ ತಣ್ಣಗೆ ಏನೋ ತಗುಲಿತು. ಹದಿಮೂರನೆಯ ವಯಸ್ಸಿನಲ್ಲಿ, ಕಸಬು ಕಲಿಯುವಾಗ, ಒಬ್ಬ ಗಿರಾಕಿಯ ಕನ್ನಡಕವನ್ನು ಇದೇ ಮೊಣಕಾಲಿನಡಿ ಪುಡಿಮಾಡಿದ್ದಳು. ಅದರ ಬದಲಿಗೆ ಎರಡು ಚಳಿಗಾಲ ಬಿಟ್ಟಿ ದುಡಿಸಿಕೊಂಡ ಗುರು ಒಂದು ಮಾತು ಕಲಿಸಿದ್ದ: ಕುರುಡರ ಮೊಣಕಾಲಿಗೂ ಕಣ್ಣಿಲ್ಲ, ಗಿರಾಕಿ ಕೆಳಗಿಟ್ಟಿದ್ದನ್ನು ಮೊದಲು ಬಟ್ಟೆಯಲ್ಲಿ ಕಟ್ಟು. ಅಂದಿನಿಂದ ಅದೇ ರೂಢಿ. ಗಡಿಯಾರವನ್ನು ಮಿಕ್ಕಿದ್ದ ಒಂದು ಕೈವಸ್ತ್ರದಲ್ಲಿ ಸುತ್ತಿ ಗಂಟುಹಾಕಿ ದಿಂಬಿನ ಪಕ್ಕ ಇಟ್ಟಳು. ಕೆಲಸ ಮುಗಿದ ಮೇಲೆ ಗಂಟು ಬಿಚ್ಚಿ, "ಸ್ವಾಮಿ, ನಿಮ್ಮ ಸಾಮಾನು" ಎಂದು ಕೈಗೆ ಕೊಡುವುದು. ಮೂವತ್ತು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ.

ಎರಡೂ ಅಂಗೈ ಸಡಿಲವಾಗಿ ಜೋಡಿಸಿ ನೆತ್ತಿಯ ಮೇಲೆ ಟಪಟಪ ತಟ್ಟುತ್ತಿದ್ದಾಗ ಆತ ತಟ್ಟನೆ ತಿರುಗಿ ಕೂತ.

"ನಿಜವಾಗ್ಲೂ ಕಾಣಲ್ವೇನೆ ನಿಂಗೆ? ಪಟ್ಟಣದಲ್ಲಿ ಕಣ್ಣಿರೋ ಮುಂಡೇವೂ ಕುರುಡಿ ವೇಷ ಹಾಕ್ತವೆ."

"ಕಾಣಲ್ಲ ಸ್ವಾಮಿ. ನಾಕು ವರ್ಷಕ್ಕೆ ದಡಾರ ಎದ್ದು ಹೋದ್ವು."

"ಎಲ್ಲಿ, ರೆಪ್ಪೆ ಅಗಲಿಸು."

ಅವಳು ಅಗಲಿಸಿದಳು. ಬೆಂಕಿಕಡ್ಡಿ ಗೀರಿದ ಸದ್ದಾಯಿತು. ಗಂಧಕದ ವಾಸನೆ ಮೂಗಿಗೆ ಬಡಿಯಿತು. ಆಮೇಲೆ ಬಿಸಿ, ಮೊದಲು ಕೆನ್ನೆಗೆ, ನಿಧಾನಕ್ಕೆ ಮೇಲಕ್ಕೆ. ಹಿಂದೆ ಸರಿಯಬೇಕೆನ್ನಿಸಿತು. ಸರಿದರೆ ಕಾಣುತ್ತದೆ ಅಂದಾನು. ಕಣ್ಣಿದ್ದೂ ಕುರುಡರಿಗಷ್ಟೇ ಕೊಡುವ ಮೈ ಒತ್ತುವ ಪರವಾನಗಿ ಇಟ್ಟುಕೊಂಡಿದ್ದಾಳೆ ಎಂದು ಪೊಲೀಸಿಗೆ ಬರೆದಾನು. ತೊಡೆಯ ಮೇಲಿನ ಬಟ್ಟೆಯನ್ನು ಹಿಡಿಯಲ್ಲಿ ಹಿಂಡಿಕೊಂಡು ಹಾಗೆಯೇ ಕೂತಳು. ರೆಪ್ಪೆಗೂದಲು ಚುರುಗುಟ್ಟಿ ಸುಟ್ಟ ವಾಸನೆ ಎದ್ದಿತು.

"ಮಿಸುಕಲ್ಲವಲ್ಲೋ!" ಆತ ತೊಡೆ ತಟ್ಟಿ ನಕ್ಕ. "ಮೊದಲನೇ ದರ್ಜೆ ಕುರುಡಿ! ಮುದ್ರೆ ಹೊಡೀಬೇಕು ನಿಂಗೆ. ಸಾಕು, ಹೋಗು. ಕೂಲಿ ಕೆಳಗೆ ಇಸ್ಕೊ."

ಅವಳು ಕೈಗೆ ಸಿಕ್ಕ ಬಟ್ಟೆಗಳನ್ನೆಲ್ಲ ಬಾಚಿ ಜೋಳಿಗೆಗೆ ತುರುಕಿದಳು. ನೆಲಕ್ಕೆ ಹಣೆ ಮುಟ್ಟಿಸಿ, ಗೋಡೆ ಸವರಿಕೊಂಡು ಮೆಟ್ಟಿಲಿಳಿದಳು.

ಅಡುಗೆಮನೆಯ ಹಿಂಬಾಗಿಲಲ್ಲಿ ವಸತಿಗೃಹದ ಒಡತಿ ತಮಾಯೊ ಮೀನು ಲೆಕ್ಕ ಹಾಕಿಸುತ್ತಿದ್ದಳು.

"ಅಮ್ಮಾರೆ, ಮಹಡಿಯೋರು ಕೂಲಿ ಕೆಳಗಿಸ್ಕೊ ಅಂದ್ರು."

"ಇನ್ಸ್‌ಪೆಕ್ಟರ್ ಭುಜಕ್ಕೂ ಕೂಲಿ ಕೇಳ್ತೀಯೇನೆ? ಅವರು ನಮ್ಮನೆ ಅತಿಥಿ. ಈ ಬಾಗ್ಲಲ್ಲಿ ನಿಂಗೆ ಕೆಲಸ ಸಿಗೋದೇ ನಿನ್ನ ಪುಣ್ಯ. ನಡಿ, ನಡಿ. ನಿನ್ನ ಕೋಲು ಮೀನಿನ ಬುಟ್ಟಿಗೆ ತಗಲ್ತದೆ."

ನುಯಿ ಬಗ್ಗಿ ನಮಸ್ಕರಿಸಿ ಹೊರಟಳು.

ಕುರುಡರ ಗುಡಿಸಲು ಹೊಳೆಯ ಪಕ್ಕ, ಅರವತ್ತಮೂರು ಕಲ್ಲುಮೆಟ್ಟಿಲ ಕೆಳಗಿತ್ತು. ಒಂದು ಕಾಲಕ್ಕೆ ಐದು ಜನರಿದ್ದ ಜಾಗ. ಈಗ ನುಯಿ ಮತ್ತು ಮುದುಕ ಗೆಂಪಾಚಿ ಇಬ್ಬರೇ. ಆತ ಒಲೆಯ ಮುಂದೆ ಕೂತು ಮೂಲಂಗಿ ಹೆಚ್ಚುತ್ತಿದ್ದ. ಅವಳು ಜೋಳಿಗೆ ಕೆಳಗಿಡುತ್ತಲೇ ಅವನ ಚಾಕು ನಿಂತಿತು.

"ಅದೇನೇ ನಿನ್ನ ಜೋಳಿಗೇಲಿ ಟಿಕಟಿಕ ಅನ್ನಾದು? ಮಿಡತೆ ಹಿಡ್ಕೊಂಡು ಬಂದ್ಯಾ?"

ನುಯಿ ಕೈಹಾಕಿದಳು. ಗಂಟು ಸಿಕ್ಕಿತು.

"ಅಜ್ಜ... ಮರೆತೆ. ಬಿಚ್ಚಿ ಕೊಡಾದು ಮರೆತುಬಿಟ್ಟೆ."

"ಯಾರ್ದು?"

"ಇನ್ಸ್‌ಪೆಕ್ಟ್ರುದು."

ಮುದುಕ ಚಾಕು ಪಕ್ಕಕ್ಕಿಟ್ಟ. "ಹಾಳಾಗೋದೆ," ಅಂದ. "ಸೆಕೀನ ಮರೆತ್ಯೇನೆ?"

ಯಾರು ಮರೆತಾರು? ಎರಡು ಸುಗ್ಗಿಯ ಹಿಂದೆ ಮೇಲಿನ ವಸತಿಗೃಹದಲ್ಲಿ ಒಬ್ಬ ಗಿರಾಕಿಯ ಬೆಳ್ಳಿಯ ಸಿಗರೇಟು ಡಬ್ಬಿ ಕಳೆಯಿತು. ಇವರ ಜೊತೆಗಿದ್ದ ಸೆಕಿಯನ್ನು ಅಡುಗೆಮನೆಯ ಹಿಂದೆ ಕರೆಸಿ, ಉಟ್ಟ ಬಟ್ಟೆ ಬಿಚ್ಚಿಸಿ, ತಲೆಗೂದಲವರೆಗೂ ಹುಡುಕಿದರು. ಡಬ್ಬಿ ಸಿಗಲಿಲ್ಲ. ಪೊಲೀಸಿನವ ಪರವಾನಗಿ ಚೀಟಿ ಕಿತ್ತುಕೊಂಡ. ಡಬ್ಬಿ ತನ್ನ ಕೋಟಿನ ಅಸ್ತರಿನೊಳಗೇ ಇತ್ತೆಂದು ಗಿರಾಕಿ ಕಾಗದ ಬರೆದದ್ದು ಹನ್ನೊಂದು ದಿನದ ಮೇಲೆ. ಒಂಬತ್ತನೆಯ ದಿನವೇ ಸೆಕಿ ಹೊಳೆಯ ಮಡುವಿನಲ್ಲಿ ಹೆಣವಾಗಿ ಸಿಕ್ಕಿದ್ದಳು. ಅವಳ ಹತ್ತಿರ ಏನೂ ಇರಲಿಲ್ಲ. ನುಯಿಯ ಹತ್ತಿರ ಗಡಿಯಾರವೇ ಇತ್ತು.

"ಹೊಳೆಗೆ ಎಸಿ," ಗೆಂಪಾಚಿ ಪಿಸುಗುಟ್ಟಿದ. "ನೀ ಕಂಡಿಲ್ಲ, ನಾ ಕಂಡಿಲ್ಲ. ನಾವು ಕಾಣಾಕಿಲ್ಲ ಅಂತ ಊರಿಗೇ ಗೊತ್ತು."

ಆ ಮಾತಿಗೆ ಬೇರೆ ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದರು.

"ಎಸೆದ್ರೆ ನಿಜವಾಗ್ಲೂ ಕಳ್ಳಿ ಆಗ್ತೀನಿ."

"ಹಂಗಾದ್ರೆ ಹಿಂಬಾಗ್ಲಲ್ಲಿ ಒಡತಿ ಕೈಗೆ ಕೊಟ್ಟು ಕಾಲಿಗೆ ಬೀಳು."

"ಸೆಕಿ ಬಿದ್ದಿರಲಿಲ್ವಾ? ಏನಾಯ್ತು ಅಂತ ಯಾರು ಕಂಡ್ರು? ಹಿಂಬಾಗ್ಲಲ್ಲಿ ಅವರ ಮಾತೇ ಮಾತು." ಅವಳು ಗಂಟನ್ನು ಎದೆಗೊತ್ತಿಕೊಂಡಳು. ಅವಳ ಎದೆಬಡಿತಕ್ಕೂ ಗಡಿಯಾರದ ಬಡಿತಕ್ಕೂ ತಾಳ ಕೂಡುತ್ತಿರಲಿಲ್ಲ, ಅವಳದೇ ಓಡುತ್ತಿತ್ತು. "ಮುಂದ್ಲ ಅಂಗಳದಲ್ಲಿ ರೈತರು ನಾಳಿನ ಪರೀಕ್ಷೆಗೆ ಮೂಟೆ ಇಳಿಸ್ತಾವ್ರೆ. ಇಪ್ಪತ್ತು ಮೂವತ್ತು ಜನ ಇರ್ತಾರೆ, ಎಲ್ರಿಗೂ ಕಣ್ಣೈತೆ. ಮುಂಬಾಗ್ಲಿಂದ ಹೋಗ್ತೀನಿ."

"ಹುಚ್ಚು ಹಿಡೀತಾ? ಮುಂಬಾಗ್ಲಿಗೆ ಕುರುಡರು ಕಾಲಿಟ್ರೆ ಮನೆ ಅದೃಷ್ಟ ಕುಂದ್ತದೆ ಅಂತ ಅವರಪ್ಪನ ಕಾಲದಿಂದ ಕಟ್ಟಪ್ಪಣೆ. ನಾ ಬರಾಕಿಲ್ಲ ಕಣವ್ವ. ಎಪ್ಪತ್ತು ದಾಟೈತೆ ನಂಗೆ. ಭಯ ಆಯ್ತದೆ."

"ನಂಗೂ ಭಯನೇ ಅಜ್ಜ," ಅಂದಳು ನುಯಿ. ಕೋಲು ತೆಗೆದುಕೊಂಡಳು.

ಐವತ್ತೆಂಟನೆಯ ಮೆಟ್ಟಿಲವರೆಗೆ ಅವಳ ಕಾಲಿಗೆ ದಾರಿ ಗೊತ್ತಿತ್ತು. ಅಲ್ಲಿ ಎಡಕ್ಕೆ ಮೀನಿನ ಪೊರೆಯ ವಾಸನೆ. ಆ ವಾಸನೆ ಹಿಡಿದು ಹೋದರೆ ಹಿಂಬಾಗಿಲು. ಮೂವತ್ತು ವರ್ಷ ಅಲ್ಲಿ ಎಡಕ್ಕೇ ತಿರುಗಿದ್ದಳು. ಕಾಲು ತಾನಾಗಿ ಎಡಕ್ಕೆ ಹೊರಳಿತು. ಅದನ್ನು ಎಳೆದು ನೇರಕ್ಕೆ ಇಟ್ಟಳು. ಉಳಿದ ಐದು ಮೆಟ್ಟಿಲಲ್ಲಿ ಕೋಲಿಗೆ ಗೊತ್ತಿಲ್ಲದ ಪಾಚಿ, ಗೊತ್ತಿಲ್ಲದ ಬಿರುಕು. ಮೇಲೆ ಬಿಸಿಲು, ಹುಲ್ಲುಮೂಟೆಗಳ ವಾಸನೆ, ಜನರ ಬೆವರು. ಅದರಾಚೆ ಕುರೊಸೆಯ ಗಂಟಲು.

"ಅವಳೇ! ಆ ಕುರುಡಿ ಲೌಡಿನೇ! ಚಾಪೆ ಮೇಲಿಟ್ಟಿದ್ದೆ, ರೆಕ್ಕೆ ಬಂತಾ ಅದಕ್ಕೆ?"

"ಪೊಲೀಸಿಗೆ ಹೇಳಿ ಕಳಿಸಿದೀನಿ ಸಾರ್," ತಮಾಯೊಳ ದನಿ. "ಇವರ ಜಾತಿನೇ ಹಂಗೆ. ಹಿಂದೆ ಒಬ್ಬಳಿದ್ಲು..."

ನುಯಿಗೆ ಕೂಗಿ ಕರೆಯಲಾಗಲಿಲ್ಲ. ಕೊರಳಲ್ಲಿದ್ದ ಬಿದಿರಿನ ಪೀಪಿಯನ್ನು ತುಟಿಗಿಟ್ಟು ಊದಿದಳು. ಬೀದಿಯಲ್ಲಿ ಮೈ ಒತ್ತುವವರು ಬಂದಿದ್ದಾರೆಂದು ಸಾರುವ ಎರಡೆಳೆ ಸ್ವರ. ಮೊದಲನೆಯದು ಬರಿಯ ಗಾಳಿಯಾಯಿತು. ಎರಡನೆಯದು ಕೇಳಿಸಿತು. ಅಂಗಳದಲ್ಲಿ ಮೂಟೆ ಇಳಿಸುವ ಸದ್ದು ನಿಂತಿತು.

"ಏಯ್, ಅಲ್ಲೇ ನಿಲ್ಲು!" ತಮಾಯೊ ಚೀರಿದಳು. "ಮುಂದಿಂದ ಬರ್ತೀಯೇನೆ ದರಿದ್ರದವಳೇ? ಹಿಂದಕ್ಕೆ ಬಾ, ಅಲ್ಲಿ ಮಾತಾಡಾಣ."

"ಹಿಂದೆ ಯಾರೂ ಇರಾಕಿಲ್ಲ ಅಮ್ಮಾರೆ. ಸೆಕಿ ಹಿಂದಿಂದ್ಲೇ ಬಂದಿದ್ಲು."

ಕೋಲು ಹೊಸಿಲಿಗೆ ತಾಗಿತು. ಮರದ ಹಾವುಗೆ ಕಳಚಿ, ಗಿರಾಕಿಗಳ ಚಪ್ಪಲಿಗಳ ಸಾಲನ್ನು ಕೈಯಲ್ಲಿ ಸವರಿ, ಅದರ ಕೊನೆಗೆ ತನ್ನವನ್ನೂ ಜೋಡಿಸಿಟ್ಟಳು. ಹಲಗೆಯ ಜಗಲಿ ಹತ್ತಿದಳು. ಎಷ್ಟು ನುಣುಪಾಗಿ ಉಜ್ಜಿದ್ದರೆಂದರೆ ಪಾದ ಜಾರಿತು. ಅಂಗಳದ ಕಡೆ ಮುಖಮಾಡಿ ನಿಂತು ಗಂಟು ಬಿಚ್ಚಿದಳು.

"ಈ ಗಡಿಯಾರ ನಾನೇ ಕಟ್ಟಿದ್ದು. ಮೊಣಕಾಲಿಗೆ ಸಿಕ್ಕಿ ಒಡೀಬಾರ್ದು ಅಂತ. ಬಿಚ್ಚಿ ಕೊಡಾದು ಮರೆತೆ. ಯಾಕೆ ಮರೆತೆ ಅಂತ ಈ ಸ್ವಾಮೇರನ್ನೇ ಕೇಳಿ." ಬೆರಳಿಂದ ರೆಪ್ಪೆ ಮುಟ್ಟಿ ತೋರಿಸಿದಳು. "ಬೆಂಕಿಕಡ್ಡಿ ಗೀರಿ ನನ್ನ ಕಣ್ಣಿಗೆ ಹಿಡಿದ್ರು. ಇಗೋ ರೆಪ್ಪೆ. ನಂಗೆ ಕಾಣಲ್ಲ. ಕಣ್ಣಿರೋರು ನೋಡಿ ಹೇಳಿ, ಸುಟ್ಟೈತೋ ಇಲ್ವೋ."

ನಾಳೆ ಈ ಮೂಟೆಗಳಿಗೆಲ್ಲ ಮುದ್ರೆ ಹಾಕುವ ಕೈ ಅವಳ ಪಕ್ಕದಲ್ಲೇ ಇತ್ತು. ಯಾರೋ ಕಾಲು ಬದಲಿಸಿದರು; ಹುಲ್ಲು ಸರಕ್ಕೆಂದಿತು.

"ಸಿಕ್ಕಿಬೀಳ್ತೀನಿ ಅಂತ ಓಡಿ ಬಂದವ್ಳೆ ಕಳ್ಳಿ! ಕಥೆ ಬೇರೆ ಕಟ್ತಾಳೆ." ಕುರೊಸೆ ಗಡಿಯಾರ ಕಿತ್ತುಕೊಂಡ. ಉಗುರು ಅವಳ ಅಂಗೈಯನ್ನು ಗೀರಿತು.

ನುಯಿ ಆ ಕೈಯನ್ನು ಇಳಿಸಿ ಇನ್ನೊಂದು ಕೈ ಚಾಚಿದಳು.

"ನಿಮ್ಮದು ನಿಮಗೆ ಬಂತು ಸ್ವಾಮಿ. ತಲೆ, ಕತ್ತು, ಎರಡು ಭುಜ. ಅದರ ಕೂಲಿ ಕೊಡಿ."

ಎಲ್ಲೋ ಒಬ್ಬ ನಗಲು ಹೋಗಿ ಕೆಮ್ಮಿ ಸುಮ್ಮನಾದ. ಕೆಳಗೆ, ಕಣಿವೆಯ ತಿರುವಿನಲ್ಲಿ, ಪೊಲೀಸಿನವನ ಸೈಕಲ್ಲಿನ ಗಂಟೆ ಕೇಳಿಸಿತು.

"ಕೂಲಿ ತಾನೆ? ಬರ್ತಾ ಐತೆ, ತಾಳು," ಅಂದ ಕುರೊಸೆ. ಕಡ್ಡಿಪೆಟ್ಟಿಗೆ ಗಲಗಲ ಅಂದಿತು. ಸಿಗರೇಟಿಗೋ, ಮತ್ತೆ ಯಾತಕ್ಕೋ, ಅವಳ ಕಿವಿಯ ಹತ್ತಿರವೇ ಕಡ್ಡಿ ಗೀರಿದ.

ನುಯಿಯ ಮೈಯೆಲ್ಲ ಹಿಂದಕ್ಕೆ ಜಗ್ಗಿತು. ಕೈ ಮಾತ್ರ ಮುಂದೆಯೇ ಇತ್ತು.

ಆಗ ಮೂಟೆಗಳ ಹಿಂದಿನಿಂದ, ಹಲ್ಲಿಲ್ಲದ ಬಾಯಿಯ ಹೆಂಗಸೊಬ್ಬಳ ದನಿ ಬಂತು.

"ಸುಟ್ಟೈತೆ. ಎಡಗಣ್ಣಿಂದು ಪೂರಾ ಸುಟ್ಟೈತೆ ಕಣ್ರಪ್ಪ."

"ಯಾವಳೇ ಅದು?" ಕುರೊಸೆ ಗುಡುಗಿದ. "ಯಾವ ಮೂಟೆಯವಳು? ಮುಂದಕ್ಕೆ ಬಾರೇ!"

ಯಾರೂ ಮುಂದೆ ಬರಲಿಲ್ಲ. ಯಾರೂ ಹಿಂದೆಯೂ ಸರಿಯಲಿಲ್ಲ. ಸೈಕಲ್ಲಿನ ಗಂಟೆ ಈಗ ಏರು ಹತ್ತುತ್ತಿತ್ತು. ಪೊಲೀಸಿನವ ಇಳಿದು ತಳ್ಳುತ್ತಿರಬೇಕು, ಕಲ್ಲಿನ ಮೇಲೆ ಚಕ್ರದ ಸದ್ದು ತಡೆತಡೆದು ಬರುತ್ತಿತ್ತು. ನುಯಿ ಅದನ್ನು ಎಣಿಸುತ್ತ ನಿಂತಳು, ಅಂಗೈ ಮೇಲಾಗಿ. ಅದರೊಳಗೆ ಬಿಸಿಲು ಬಿಟ್ಟರೆ ಬೇರೇನೂ ಬಿದ್ದಿರಲಿಲ್ಲ.