ದೂರು ಹೇಳಲು ಬಾರದ ಎಲ್ವುಡ್

ನಮ್ಮ ಪೂರ್ವ ಕೆಂಟಕಿಯ ಗುಡ್ಡಗಳಲ್ಲಿ ಯಾರಾದರೂ ‘ಹೇಗಿದ್ದೀರಿ’ ಎಂದರೆ ‘ಚೆನ್ನಾಗಿದ್ದೀನಿ, ದೂರೋಕೇನಿಲ್ಲ’ ಎನ್ನಬೇಕು. ಕಾಲು ಮುರಿದು ಬಿದ್ದಿದ್ದರೂ ಹಾಗೇ ಅನ್ನಬೇಕು. ಅನ್ನದಿದ್ದರೆ ಸದಾ ಗೋಳು ಹೇಳಿಕೊಳ್ಳುವವರು ಎಂದು ಭಾನುವಾರ ಚರ್ಚಿನ ಬಾಗಿಲಲ್ಲೇ ಆಡಿಕೊಳ್ಳುತ್ತಾರೆ. ನಮ್ಮ ಆರೈಕೆ ಕೇಂದ್ರದಿಂದ ಅರ್ಧಂಬರ್ಧ ಗುಣವಾದವರನ್ನು ಮನೆಗೆ ಅಟ್ಟಿದ್ದು ಹೆಚ್ಚಾಗಿ ಈ ಒಂದು ಮಾತೇ ಎಂದು, ಇಪ್ಪತ್ತಮೂರು ವರ್ಷ ಅಲ್ಲಿನ ಆಫೀಸಿನಲ್ಲಿ ಕೂತ ನಾನು ಹೇಳಬಲ್ಲೆ. ಇನ್ಶೂರೆನ್ಸ್ ಕಂಪನಿಗಳಿಗೆ ಫೋನ್ ಮಾಡುವುದು ನನ್ನ ಕೆಲಸ. ಮಾಡುವುದು ಕಡಿಮೆ, ಕಾಯುವುದು ಜಾಸ್ತಿ.

ಆ ಗುರುವಾರ ಬೆಳಿಗ್ಗೆ ಇನ್ಶೂರೆನ್ಸಿನಿಂದ ಬಂದ ಕಾಗದ ಎಲ್ವುಡ್ ಸ್ಟಿಡಮ್ ಅವರ ವಿಷಯದ್ದು. ಮನೆಯಲ್ಲಿ ಬಿದ್ದು ಸೊಂಟದ ಮೂಳೆ ಮುರಿದು, ಆಪರೇಷನ್ ಆಗಿ, ನಮ್ಮಲ್ಲಿಗೆ ಬಂದು ಹನ್ನೆರಡು ದಿನವಾಗಿತ್ತು. ಶನಿವಾರದಿಂದ ದುಡ್ಡು ಕಟ್ಟುವುದಿಲ್ಲ ಎಂದು ಕಂಪನಿ ಬರೆದಿತ್ತು. ಕಾರಣವನ್ನು ನಮ್ಮದೇ ಕಡತದಿಂದ ಎತ್ತಿ ಬರೆದಿದ್ದರು: ‘ಚೆನ್ನಾಗಿದ್ದೇನೆ ಎಂದು ರೋಗಿ ಹೇಳುತ್ತಾರೆ. ಯಾವ ದೂರೂ ಇಲ್ಲ. ಊಟ ಪೂರ್ತಿ ಮಾಡಿದ್ದಾರೆ.’ ಬರೆದವಳು ನಮ್ಮ ಫಿಸಿಯೋ ಹುಡುಗಿ. ನಲವತ್ತು ಜನ ರೋಗಿಗಳಿಗೆ ಅವಳೊಬ್ಬಳೇ. ಬಾಗಿಲಲ್ಲಿ ನಿಂತು ಹೇಗಿದ್ದೀರಿ ಎಂದು ಕೇಳಿ, ಬಂದ ಉತ್ತರವನ್ನು ಟೈಪ್ ಮಾಡಿ ಮುಂದಿನ ಕೋಣೆಗೆ ಓಡುತ್ತಾಳೆ. ಅವಳ ಮೇಲೆ ಸಿಟ್ಟು ಮಾಡಿಕೊಳ್ಳುವಷ್ಟು ಶಕ್ತಿಯೂ ನನಗೆ ಉಳಿದಿರಲಿಲ್ಲ.

ಎಲ್ವುಡ್ ನನಗೆ ಬೇರೆಯವರಲ್ಲ. ಒಂಬತ್ತು ವರ್ಷ ನನ್ನನ್ನು ಸ್ಕೂಲ್ ಬಸ್ಸಿನಲ್ಲಿ ಕರೆದೊಯ್ದವರು. ಮಂಜು ಬಿದ್ದ ದಿನ ನಾನು ತಡವಾದರೆ ರಸ್ತೆಯಲ್ಲೇ ಬಸ್ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಈಗ ಅವರಿಗೆ ಎಪ್ಪತ್ತಾರು. ನನಗೆ ಐವತ್ತನಾಲ್ಕಾಗಿ ಮಂಡಿ ಹಿಡಿದಿದೆ, ಊರಿಗೆಲ್ಲ ನಾನು ಟ್ವೈಲಾ, ಅವರಿಗೆ ಮಾತ್ರ ಇನ್ನೂ ಪುಟ್ಟಿ. ಅವರ ಟ್ರೇಲರ್ ಮನೆಗೆ ಐದು ಮೆಟ್ಟಿಲು. ಹೆಂಡತಿ ನಡೀನ್ ಎರಡು ವರ್ಷದ ಹಿಂದೆ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿ ಸಾವಿನ ಬಾಯಿಂದ ಹೊರಬಂದವರು, ಒಂದು ಬಕೆಟ್ ನೀರು ಎತ್ತಲಾರರು. ಇವರನ್ನು ಎತ್ತುವುದು ದೂರದ ಮಾತು. ನಮ್ಮಲ್ಲೇ ಇರಬೇಕೆಂದರೆ ದಿನಕ್ಕೆ ಮುನ್ನೂರ ನಲವತ್ತು ಡಾಲರ್ ಕೈಯಿಂದ ಕಟ್ಟಬೇಕು. ಬಸ್ ಓಡಿಸಿದವರ ಪಿಂಚಣಿಯಲ್ಲಿ ಅದು ಆಗದ ಹೋಗದ ಮಾತು.

ಉಳಿದದ್ದು ಒಂದೇ ದಾರಿ, ಮೇಲ್ಮನವಿ. ಮರುದಿನ ಮಧ್ಯಾಹ್ನದೊಳಗೆ ಹಾಕಬೇಕು. ಹಾಕಿದರೆ ಹೊರಗಿನ ಡಾಕ್ಟರೊಬ್ಬರು ಕಡತ ನೋಡಿ, ರೋಗಿಯ ಮಾತನ್ನೂ ಫೋನಿನಲ್ಲಿ ಕೇಳುತ್ತಾರೆ. ನಾನು ಅರ್ಜಿ ಹಾಕಿ, ಶುಕ್ರವಾರ ಹತ್ತು ಗಂಟೆಗೆ ಕರೆ ಗೊತ್ತು ಮಾಡಿಕೊಂಡು, ಎಲ್ವುಡ್‌ಗೆ ದೂರು ಹೇಳುವುದನ್ನು ಕಲಿಸಲು ಹೋದೆ.

ಕಲಿಸುವುದು ಸುಲಭವಿರಲಿಲ್ಲ. ಎಲ್ಲಿ ನೋವು ಅಂದರೆ, ಅದೇನು ಮಹಾ, ಎದುರು ಕೋಣೆಯವನಿಗೆ ಎರಡು ಕಾಲೂ ಇಲ್ಲ ಎಂದರು. ಏನಾದರೂ ಒಂದು ತೊಂದರೆ ಹೇಳಿ ಎಂದು ಅಂಗಲಾಚಿದಾಗ ಬಹಳ ಯೋಚಿಸಿ, ಬೆಳಿಗ್ಗೆ ಮೆತ್ತನೆ ಬಿಸ್ಕಿಟ್ ಬನ್ನಿನ ಮೇಲೆ ಸುರಿಯುವ ಗ್ರೇವಿ ನೀರುನೀರು ಎಂದರು. ನನಗೆ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು.

“ನೋಡಿ, ನಾಳೆ ನೀವು ಚೆನ್ನಾಗಿದ್ದೀನಿ ಅಂದ್ರೆ, ನಾಳಿದ್ದು ನಡೀನ್ ನಿಮ್ಮನ್ನ ಐದು ಮೆಟ್ಟಿಲು ಹತ್ತಿಸ್ಬೇಕು. ಬಿದ್ರೆ ಇಬ್ಬರೂ ಬೀಳ್ತೀರಿ,” ಎಂದೆ.

ಅದು ನಾಟಿತು.

“ಹೇಳ್ತೀನಿ ಪುಟ್ಟಿ. ಆದ್ರೆ ನಡೀನ್‌ನ ಕರೀಬೇಡ. ಅವಳ ಮುಂದೆ ಆಗಲ್ಲ.”

ಗಂಡಸಿನ ಜಂಬ ಎಂದುಕೊಂಡೆ. ನನ್ನ ಅನುಭವದಲ್ಲಿ ಮನೆಯವರು ಪಕ್ಕದಲ್ಲಿದ್ದು ಎರಡು ಮಾತಾಡಿದರೆ ಅರ್ಜಿಗೆ ತೂಕ ಹೆಚ್ಚು. ಸಂಜೆ ಮನೆಗೆ ಹೋಗುವ ಮೊದಲು ನಡೀನ್‌ಗೆ ಫೋನ್ ಮಾಡಿ, ಬೆಳಿಗ್ಗೆ ತಪ್ಪದೆ ಬನ್ನಿ ಎಂದೆ. ಮಾಡಿದ್ದು ನಾನೇ. ಅದನ್ನು ಬೇರೆ ಯಾರ ತಲೆಗೂ ಕಟ್ಟುವಂತಿಲ್ಲ.

ನಡೀನ್ ಪಕ್ಕದ ಮನೆಯವರ ಕಾರಿನಲ್ಲಿ ಜೋಳದ ಬ್ರೆಡ್ಡು, ಬೇಯಿಸಿದ ಬೀನ್ಸ್ ಕಟ್ಟಿಕೊಂಡು ಬಂದರು. ಹೆಂಡತಿಯನ್ನು ಕಂಡು ಎಲ್ವುಡ್ ನನ್ನತ್ತ ಒಮ್ಮೆ ನೋಡಿದರು, ಅಷ್ಟೇ. ಹತ್ತಕ್ಕೆ ಬರಬೇಕಾದ ಕರೆ ಹತ್ತೂ ಮುಕ್ಕಾಲಿಗೆ ಬಂತು. ಮೂವರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ. ಹೆಣ್ಣು ದನಿ, ಎಳೆಯದು. ಈ ಬೆಳಿಗ್ಗೆ ಹೇಗಿದ್ದೀರಿ ಸರ್ ಎಂದು ಆ ಡಾಕ್ಟರ್ ಕೇಳಿದ್ದೇ ತಡ, ಎಲ್ವುಡ್ ಬಾಯಿಂದ ಚೆನ್ನಾಗಿದ್ದೀನಮ್ಮ, ನೀವು ಹೇಗಿದ್ದೀರಿ ಎಂದು ಬಂದೇಬಿಟ್ಟಿತು. ನಾನು ಹಣೆ ಚಚ್ಚಿಕೊಂಡೆ.

ಡಾಕ್ಟರ್ ಒಳ್ಳೆಯವಳು. ಕಡತದಲ್ಲಿ ಊಟ ಪೂರ್ತಿ ಮಾಡ್ತಾರೆ ಅಂತಿದೆ, ನಿಜವೇ ಎಂದು ಕೇಳಿದಳು. ಎಲ್ವುಡ್ ಹೆಂಡತಿಯನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಕಿಟಕಿಯತ್ತ ತಿರುಗಿ ಹೇಳತೊಡಗಿದರು. ಊಟ ಸೇರುವುದಿಲ್ಲ, ಅಡುಗೆಯವರಿಗೆ ಬೇಜಾರಾಗದಿರಲೆಂದು ತಟ್ಟೆಯನ್ನು ಪಕ್ಕದವನಿಗೆ ಕೊಡುತ್ತೇನೆ. ಇಲ್ಲಿನ ಬಚ್ಚಲಲ್ಲಿ ಎರಡು ಸಲ ತಲೆ ತಿರುಗಿ ಬಿದ್ದೆ, ಯಾರಿಗೂ ಹೇಳಲಿಲ್ಲ. ವಾಕರ್ ಹಿಡಿದು ಬಾಗಿಲು ಮುಟ್ಟುವುದರೊಳಗೆ ಕಾಲು ನಡುಗುತ್ತದೆ ಎಂದರು. ನಾನು ಇನ್ನೂ ಇನ್ನೂ ಎಂದು ತಲೆಯಾಡಿಸುತ್ತಿದ್ದೆ. ಗೆದ್ದೆವು ಅನ್ನಿಸಿತ್ತು.

ಮೊದಲ ಸಲ ಮನೆಯಲ್ಲಿ ಬಿದ್ದಾಗಲೂ ತಲೆ ತಿರುಗಿತ್ತೇ ಎಂದು ಡಾಕ್ಟರ್ ಕೇಳಿದಳು. ತಿರುಗಿತ್ತು ಎಂದರು. ಎದೆಬಡಿತಕ್ಕೆ ಕೊಟ್ಟ ಮಾತ್ರೆ ದಿನಾ ತೆಗೆದುಕೊಳ್ಳುತ್ತಿದ್ದಿರಾ ಎಂದಳು.

ಅದಕ್ಕೆ ನಡೀನ್ ಉತ್ತರ ಕೊಟ್ಟರು, ತೆಗೆದುಕೊಳ್ಳುತ್ತಿದ್ದರು, ನಾನೇ ನೀರು ಕೊಡುತ್ತಿದ್ದೆ ಎಂದು.

“ಇಲ್ಲ ಡಾಕ್ಟರೇ,” ಎಂದರು ಎಲ್ವುಡ್. “ಎರಡು ದಿನಕ್ಕೊಂದು. ಒಂದೊಂದು ವಾರ ಅದೂ ಇಲ್ಲ. ನೀರು ಕೊಟ್ಟಾಗ ಬಾಯಲ್ಲಿ ಇಟ್ಕೊಂಡು ಆಮೇಲೆ ತೆಗೆದು ಎತ್ತಿಡ್ತಿದ್ದೆ. ರಕ್ತ ಹೆಪ್ಪುಗಟ್ಟದ ಹಾಗೆ ಅವಳಿಗೆ ಕೊಟ್ಟಿರೋ ಮಾತ್ರೆಗೆ ಇನ್ಶೂರೆನ್ಸ್ ಪೂರ್ತಿ ಕೊಡಲ್ಲ. ಪೂರ್ತಿ ಕೊಡುತ್ತೆ ಅಂತ ಅವಳಿಗೆ ಸುಳ್ಳು ಹೇಳಿದ್ದೆ. ಎರಡೂ ಕೊಳ್ಳೋಕೆ ಆಗ್ತಿರ್ಲಿಲ್ಲ.”

ಫೋನಿನಲ್ಲಿ ಡಾಕ್ಟರ್ ಟೈಪ್ ಮಾಡುವುದು ಕೇಳುತ್ತಿತ್ತು. ನಡೀನ್ ಬೀನ್ಸ್ ಡಬ್ಬಿಯ ಮುಚ್ಚಳ ತೆಗೆಯಲು ಹೊರಟವರು ಹಾಗೆಯೇ ಕೈ ಬಿಟ್ಟು ಕೂತಿದ್ದರು. ಸಾಕು ನಿಲ್ಲಿಸಿ ಎನ್ನಬೇಕೆನಿಸಿತು ನನಗೆ, ಅನ್ನಲಿಲ್ಲ. ಅವರ ಒಂದೊಂದು ಮಾತೂ ಕಡತಕ್ಕೆ ಬೇಕಾಗಿತ್ತು.

ಮೂರು ಗಂಟೆಗೆ ಉತ್ತರ ಬಂತು. ಇನ್ನೂ ಹದಿನಾಲ್ಕು ದಿನ ಕಂಪನಿಯೇ ಕಟ್ಟಬೇಕು, ಎಲ್ವುಡ್ ಅವರ ಮಾತ್ರೆಯನ್ನು ನರ್ಸೇ ನಿಂತು ನುಂಗಿಸಬೇಕು. ಈ ಕೆಲಸದಲ್ಲಿ ನಾನು ಗೆದ್ದದ್ದು ಬೆರಳೆಣಿಕೆಯಷ್ಟು. ಕಾಗದ ಹಿಡಿದು ಅವರ ಕೋಣೆಗೆ ಹೋದೆ.

ವಿಷಯ ಹೇಳಿದೆ. ಎಲ್ವುಡ್ ಒಳ್ಳೇದಾಯ್ತು ಪುಟ್ಟಿ ಎಂದರು. ನಡೀನ್ ಕೈಚೀಲದಿಂದ ತಮ್ಮ ಮಾತ್ರೆಯ ಡಬ್ಬಿ ತೆಗೆದು ನನ್ನ ಮುಂದೆ ಹಿಡಿದರು. ಹೊಸದು, ಎರಡೋ ಮೂರೋ ಮಾತ್ರೆ ಮುಗಿದಿತ್ತು.

“ಇದನ್ನ ಅಂಗಡಿಯವರು ವಾಪಸ್ ತಗೋತಾರಾ ಟ್ವೈಲಾ?”

“ತೆರೆದದ್ದು ತಗೊಳ್ಳಲ್ಲ ನಡೀನ್. ಅದನ್ನ ನೀವು ನಿಲ್ಲಿಸೋ ಹಾಗೂ ಇಲ್ಲ, ನಿಲ್ಲಿಸಿದ್ರೆ ಏನಾಗುತ್ತೆ ಗೊತ್ತಲ್ಲ,” ಎಂದೆ.

ಗೊತ್ತು ಎಂಬಂತೆ ತಲೆಯಾಡಿಸಿ, ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡರು. “ಹಾಗಾದ್ರೆ ಇರೋದನ್ನ ಎರಡು ದಿನಕ್ಕೊಂದು ತಗೋತೀನಿ, ಇವರದ್ದೂ ಕೊಳ್ಬೇಕಲ್ಲ,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಮನೆಗೆ ಎಷ್ಟು ಹಾಲು ಬೇಕು ಎಂದು ಹೇಳುವ ಹಾಗೆ ಹೇಳಿದರು.

ಎಲ್ವುಡ್ ನನ್ನ ಕಡೆ ತಿರುಗಿದರು. ಬೈಯಲಿ ಎಂದು ಬಯಸಿದೆ, ಬೈಯಲಿಲ್ಲ.

“ಇದಕ್ಕೇ ಕರೀಬೇಡ ಅಂದಿದ್ದು ಪುಟ್ಟಿ,” ಎಂದರು.